ಉತ್ತರ ಇದ್ದಮೇಲೆ ನೀರು ಯಾಕೆ?

ಬಸ್ ಕಂಪನಿಯ ದೂರು ವಿಭಾಗದಲ್ಲಿ ಕೂತು, ಜನ ಬರೆದ ದೂರುಗಳಿಗೆಲ್ಲ ಉತ್ತರ ಬರೆಯುತ್ತಿದ್ದ ಗುಮಾಸ್ತರೊಬ್ಬರಿದ್ದರು. ಕಚೇರಿಯಲ್ಲಿ ಎಲ್ಲರೂ ಅವರನ್ನು ವಿಷಾದರಾಯರು ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಅವರ ಪೆನ್ನಿನಿಂದ ಹೊರಟ ಕಾಗದವೆಲ್ಲ ‘ತಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ಶುರುವಾಗಿ ‘ವಿಷಯ ಪರಿಶೀಲನೆಯಲ್ಲಿದೆ’ ಎಂದು ಮುಗಿಯುತ್ತಿತ್ತು. ನಡುವೆ ಏನಿತ್ತೆಂದು ಓದಿದವರಿಗೂ ನೆನಪಿರುತ್ತಿರಲಿಲ್ಲ, ಬರೆದವರಿಗೂ ಇರುತ್ತಿರಲಿಲ್ಲ. ಆದರೆ ಓದಿ ಮುಗಿಸುವ ಹೊತ್ತಿಗೆ ದೂರು ಕೊಟ್ಟವನ ಸಿಟ್ಟು, ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ, ಇಳಿದುಹೋಗಿರುತ್ತಿತ್ತು. ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರ ಕೊಡೆ ಬಸ್ಸಿನ ಬಾಗಿಲಿಗೆ ಸಿಕ್ಕಿ, ಮೇಷ್ಟ್ರು ಒಂದು ನಿಲ್ದಾಣದಲ್ಲಿ ಇಳಿದರೆ ಕೊಡೆ ಇನ್ನೊಂದು ನಿಲ್ದಾಣದಲ್ಲಿ ಇಳಿದಿತ್ತು. ಅವರ ದೂರಿಗೆ ರಾಯರು ಬರೆದ ಉತ್ತರ ಓದಿ, ‘ನನ್ನ ಕೊಡೆಯಿಂದ ತಮ್ಮ ಬಾಗಿಲಿಗೆ ಆದ ನೋವಿಗೆ ಕ್ಷಮೆ ಇರಲಿ’ ಎಂದು ಮೇಷ್ಟ್ರೇ ತಿರುಗಿ ಬರೆದರು. ಮ್ಯಾನೇಜರು ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

ಇಂಥ ಮನುಷ್ಯನ ಮನೆಯ ನಲ್ಲಿಯಲ್ಲಿ ನೀರು ನಿಂತಿತು.

ಮನೆ ಎಂದರೆ ಮೂರಂತಸ್ತಿನ ಕಟ್ಟಡದ ತುದಿಯ ಅಂತಸ್ತು. ನಡುವಿನದರಲ್ಲಿ ಒಬ್ಬ ಬ್ರಹ್ಮಚಾರಿ ಟೈಲರ್ ಇದ್ದ. ನೆಲದ ಮೇಲಿನ ಮನೆಯಲ್ಲಿ ಕಟ್ಟಡದ ಯಜಮಾನರೂ ಅವರ ಹೆಂಡತಿಯೂ ಇದ್ದರು, ಜೊತೆಗೆ ಅವರ ಮೋಟರೂ ಇತ್ತು. ಮಕ್ಕಳಿಲ್ಲದ ಯಜಮಾನರಿಗೆ ಮೋಟರಿನ ಮೇಲೆ ಪ್ರಾಣ. ಓಡಿದಷ್ಟೂ ಮೋಟರು ಸವೆಯುತ್ತದೆ ಎಂಬ ಸತ್ಯ ಅವರಿಗೆ ಆ ವರ್ಷ ಹೊಳೆದಿತ್ತು. ಮೇಲಿನ ಮನೆಗಳಿಗೆ ನೀರು ಏರಿಸುವಾಗ ಅದು ಏದುಸಿರು ಬಿಡುವುದನ್ನು ಅವರು ಕಿವಿಯಾರೆ ಕೇಳಿದ್ದರು. ಹಾಗಾಗಿ ಮೋಟರ್ ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರು ಬೇಕಾದವರು ಅಂಗಳದ ನಲ್ಲಿಯಿಂದ ಹೊತ್ತುಕೊಳ್ಳಲಿ ಎಂದುಬಿಟ್ಟರು.

ಹೊತ್ತುಕೊಳ್ಳುವುದೇನೋ ಸರಿ, ಆದರೆ ರಾಯರ ಹೆಂಡತಿ ಏಳು ತಿಂಗಳ ಬಸುರಿ. ಭಾರ ಎತ್ತಕೂಡದು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ರಾಯರು ಬೆಳಗ್ಗೆ ಎದ್ದು, ಕಚೇರಿಗೆ ಹೋಗುವ ಮುಂಚೆ ಕೊಡಗಳನ್ನು ಹೊತ್ತು ಹೊತ್ತು ತುಂಬಿಸಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಮುಗಿಯುತ್ತಿತ್ತು. ಆಮೇಲೆ ನೀರು ಮೇಲಕ್ಕೆ ಹೇಗೆ ಬರುತ್ತಿತ್ತು ಎಂದು ರಾಯರು ಕೇಳುತ್ತಿರಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆ ಎಂಬ ಭಯ ಅವರಿಗೆ.

ಯಜಮಾನರ ಹತ್ತಿರ ಬಾಯಿಬಿಟ್ಟು ಮಾತಾಡಿ ಬರುತ್ತೇನೆಂದು ಒಂದು ಸಂಜೆ ಅವರು ಎದೆಯುಬ್ಬಿಸಿಕೊಂಡು ಕೆಳಗಿಳಿದದ್ದುಂಟು. ಹೋದವರು ಬಹಳ ಹೊತ್ತು ಬಿಟ್ಟು ಬಂದರು.

“ಏನಂದ್ರು?” ಎಂದಳು ಹೆಂಡತಿ.

“ಬೇರಿಂಗು ಸ್ವಲ್ಪ ಸವೆದಿದೆಯಂತೆ. ಅದು ಬಿಟ್ಟರೆ ಆರೋಗ್ಯವಾಗಿದೆ.”

“ನೀವು ನೀರು ಕೇಳಿದ್ರಾ, ಮೋಟರಿನ ಯೋಗಕ್ಷೇಮ ಕೇಳಿದ್ರಾ?”

ರಾಯರು ತಲೆ ತಗ್ಗಿಸಿದರು. ಅವರದು ಬರಿಯ ಪುಕ್ಕಲುತನವಲ್ಲ, ಅದಕ್ಕೊಂದು ಕಾರಣವಿತ್ತು. ಯಜಮಾನರು ಸಿಟ್ಟಾಗಿ ಮನೆ ಖಾಲಿ ಮಾಡಿ ಎಂದರೆ ಹೋಗುವುದೆಲ್ಲಿಗೆ? ಕೂಸು ಹುಟ್ಟಲಿರುವವರಿಗೆ ಯಾರೂ ಮನೆ ಕೊಡುವುದಿಲ್ಲ. ಕೂಸು ಅಳುತ್ತದೆ, ಬಟ್ಟೆ ಒಗೆಯಬೇಕು, ನೀರು ಜಾಸ್ತಿ ಬೇಕು. ರಾತ್ರಿ ಮಗ್ಗುಲಾದಾಗೆಲ್ಲ ರಾಯರ ಕಣ್ಣಿಗೆ ಬೀದಿಯಲ್ಲಿ ಮಂಚ, ಮಂಚದ ಮೇಲೆ ಹೆಂಡತಿ, ಅವಳ ಮಡಿಲಲ್ಲಿ ಕೂಸು ಕಾಣಿಸುತ್ತಿತ್ತು.

“ಊರಿಗೆಲ್ಲಾ ಕಾಗದ ಬರೀತೀರಿ. ನಮಗೋಸ್ಕರ ಒಂದು ಬರೆಯೋಕಾಗಲ್ವಾ?” ಎಂದಳು ಹೆಂಡತಿ.

ರಾಯರು ಕೂತರು. ಬರೆದರು. ಹೆಂಡತಿ ಎತ್ತಿಕೊಂಡು ಓದಿದಳು: ‘ಮಾನ್ಯರೇ, ನಮ್ಮ ಮನೆಗೆ ನೀರು ಬಾರದಿರುವುದಕ್ಕೆ ನಾವು ತೀವ್ರವಾಗಿ ವಿಷಾದಿಸುತ್ತೇವೆ.’

“ನೀರಿಲ್ಲದವರು ನಾವು. ವಿಷಾದನೂ ನಾವೇ ಪಡಬೇಕಾ?”

ಇನ್ನೊಂದು ಬರೆದರು. ಅದರಲ್ಲಿ, ನೀರಿನ ಅಭಾವವನ್ನು ಬಾಡಿಗೆದಾರರು ಸಹನೆಯಿಂದ ಪರಿಶೀಲಿಸುತ್ತಿದ್ದಾರೆ ಎಂದಿತ್ತು. ಅದೂ ಮೊದಲನೆಯದರ ಹಾಗೆ ಅವಳ ಕೈಯಲ್ಲಿ ಹರಿದು ಚೂರಾಯಿತು. ದೂರಿಗೆ ಉತ್ತರ ಬರೆಯುವುದು ಒಂದು ವಿದ್ಯೆ, ದೂರು ಬರೆಯುವುದು ಇನ್ನೊಂದು. ಮರ ಇಳಿಯುವುದನ್ನಷ್ಟೇ ಕಲಿತವನಿಗೆ ಮರ ಹತ್ತು ಎಂದರೆ ಹೇಗೆ? ಕೊನೆಗೆ ಹೆಂಡತಿಯೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೇಳುತ್ತ ಹೋದಳು, ರಾಯರು ಬೆವರುತ್ತ ಬರೆದುಕೊಂಡರು. ‘ರುಜು ಆಫೀಸಿನಲ್ಲಿ ಹಾಕಿ ಅಂಚೆಗೆ ಹಾಕ್ತೀನಿ’ ಎಂದು ಜೇಬಿಗಿಟ್ಟುಕೊಂಡು ಹೋದರು. ಕಚೇರಿಯಲ್ಲಿ ಅದನ್ನು ಎಡಗೈಯಲ್ಲಿ ನಕಲು ಮಾಡಿ, ಕೆಳಗೆ ‘ಇಂತಿ, ಬಾಡಿಗೆದಾರರು’ ಎಂದಷ್ಟೇ ಬರೆದು, ಆಚೀಚೆ ನೋಡಿ ಡಬ್ಬಿಗೆ ಹಾಕಿ, ಬೆಂಕಿ ಇಟ್ಟು ಬಂದವರ ಹಾಗೆ ಬಿರಬಿರನೆ ನಡೆದರು.

ಒಂದು ವಿಷಯ ಮಾತ್ರ ಅವರಿಗೆ ಮರೆತೇಹೋಗಿತ್ತು. ಕಣ್ಣಿನ ಆಪರೇಷನ್ ಆದಾಗಿನಿಂದ ಯಜಮಾನರು ಏನನ್ನೂ ಓದುತ್ತಿರಲಿಲ್ಲ. ಕಣ್ಣಿಗೆ ಸ್ವಲ್ಪ ದಿನ ಆಯಾಸ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅವರು ಆಜೀವ ಪರ್ಯಂತ ಎಂದು ತಿಳಿದು, ಕಪ್ಪು ಕನ್ನಡಕ ಏರಿಸಿಕೊಂಡು ಕೂತಿದ್ದರು. ಕರೆಂಟಿನ ಬಿಲ್ಲಿನಿಂದ ಹಿಡಿದು ನೆಂಟರ ಕಾಗದದವರೆಗೆ ಅವರಿಗೆ ಬಂದದ್ದನ್ನೆಲ್ಲ ಸಂಜೆ ಓದಿ ಹೇಳುತ್ತಿದ್ದವರು ಮೇಲಿನ ಮನೆಯ ರಾಯರೇ.

“ರಾಯರೇ, ಬನ್ನಿ ಬನ್ನಿ. ಯಾವನೋ ಕಾಗದ ಹಾಕಿದ್ದಾನೆ. ಏನಿದೆ ನೋಡಿ” ಎಂದು ಯಜಮಾನರು ಲಕೋಟೆ ಚಾಚಿದಾಗ ಅದರ ಮೇಲೆ ರಾಯರಿಗೆ ತಮ್ಮದೇ ಎಡಗೈ ಅಕ್ಷರ ಕಂಡಿತು. ಲಕೋಟೆಯ ಬಾಯಿ ಆಗಲೇ ಬಿಚ್ಚಿತ್ತು, ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. ಒಳಮನೆಯ ಬಾಗಿಲಲ್ಲಿ ಯಜಮಾನಿ ಅಮ್ಮನವರು ಸೊಪ್ಪು ಬಿಡಿಸುತ್ತ ಕೂತಿದ್ದರು.

ರಾಯರು ಗಂಟಲು ಸರಿಮಾಡಿಕೊಂಡರು. ಮೊದಲ ಸಾಲು ‘ಎಂಜಲು ಕೈಯಲ್ಲಿ ಕಾಗೆ ಓಡಿಸದ ಯಜಮಾನರಿಗೆ’ ಎಂದಿತ್ತು.

“‘ಮಾನ್ಯ ಯಜಮಾನರಿಗೆ ಅನಂತ ವಂದನೆಗಳು’” ಎಂದು ಓದಿದರು ರಾಯರು.

“ಪರವಾಗಿಲ್ಲ, ಸಂಸ್ಕಾರವಂತ. ಮುಂದೆ?”

ಎರಡನೆಯ ಸಾಲಿನಲ್ಲಿ, ಮೋಟರಿಗೆ ತೊಟ್ಟಿಲು ಕಟ್ಟಿ ತೂಗಿಕೊಳ್ಳಿ ಎಂದಿತ್ತು. ಅದನ್ನು ಅವರು, ಮೋಟರಿನ ಬಗೆಗಿನ ತಮ್ಮ ಕಾಳಜಿ ಮೆಚ್ಚುವಂಥದು ಎಂದು ಓದಿದರು. ಯಜಮಾನರು ತಲೆದೂಗಿದರು. ನೀರು ಬರುತ್ತಿಲ್ಲ ಎಂಬುದನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲವಾದ್ದರಿಂದ, ‘ನೀರು ಕೊಂಚ ಸಂಕೋಚದಿಂದ ಬರುತ್ತಿದೆ’ ಎಂದರು. ಹೀಗೆ ದಾಟಿಕೊಂಡು ಹೋಗುತ್ತಿರುವಾಗ ಕೆಳಗಿನಿಂದ ಒಂದು ಸಾಲು, ಬ್ರೇಕಿಲ್ಲದ ಬಸ್ಸಿನ ಹಾಗೆ, ಎದುರಿಗೇ ಬರುವುದು ಕಾಣಿಸಿತು. ‘ಹೊಟ್ಟೆಯಲ್ಲಿ ಕೂಸು ಹೊತ್ತುಕೊಂಡು ಕೊಡ ಹಿಡಿದು ಮೆಟ್ಟಿಲು ಹತ್ತುವವರ ಕಷ್ಟ ನಿಮಗೇನು ಗೊತ್ತು?’ ಇಡೀ ಕಟ್ಟಡದಲ್ಲಿ ಬಸುರಿ ಎಂದರೆ ಒಬ್ಬಳೇ. ರುಜು ಹಾಕದೆ ಜಾಣನಾದೆ ಎಂದುಕೊಂಡಿದ್ದ ರಾಯರು ಅಲ್ಲೇ ನಿಂತುಬಿಟ್ಟರು.

“ಯಾಕೆ ನಿಂತ್ರಿ?”

“ಅಕ್ಷರ ಸ್ವಲ್ಪ ಸೊಟ್ಟಗಿದೆ. ‘ತಲೆ ಮೇಲೆ... ತಲೆ ಮೇಲೆ ಬಟ್ಟೆ ಗಂಟು ಹೊತ್ತುಕೊಂಡು ಮೆಟ್ಟಿಲು ಹತ್ತುವವರ ಕಷ್ಟ...’”

“ಬಟ್ಟೆ ಗಂಟು!” ಯಜಮಾನರು ಕುರ್ಚಿಯಿಂದ ಅರ್ಧ ಎದ್ದರು. “ಸಿಕ್ಕಿಬಿದ್ದ! ಟೈಲರ್! ಈ ಮನೆಯಲ್ಲಿ ಬಟ್ಟೆ ಗಂಟು ಹೊರೋನು ಇನ್ಯಾರಿದ್ದಾನೆ?”

“ಛೇ ಛೇ, ಅವರು ಅಂಥವರಲ್ಲ...”

“ನೀವು ಸಾಧುಗಳು, ನಿಮಗೆ ಲೋಕ ಗೊತ್ತಿಲ್ಲ. ಬರೀರಿ ಉತ್ತರ. ಅವನ ಹೆಸರು ಎತ್ತೋದು ಬೇಡ. ಮೆಟ್ಟಿಲ ಗೋಡೆಗೆ ಅಂಟಿಸೋಣ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ತಾನೇ ಮುಟ್ಟಿ ನೋಡ್ಕೋತಾನೆ.”

ರಾಯರ ಕೈ ಆಗಲೇ ಹೆಗಲಿನ ಹತ್ತಿರ ಹೋಗಿತ್ತು. ಕತ್ತು ತುರಿಸಿಕೊಂಡ ಹಾಗೆ ಮಾಡಿದರು. ಅಷ್ಟರಲ್ಲಿ ಎದುರಿಗೆ ಬಿಳಿ ಹಾಳೆ ಬಂತು, ಕೈಗೆ ಪೆನ್ನು ಬಂತು. ಇಲ್ಲಿ ರಾಯರ ಬಗ್ಗೆ ಒಂದು ಮಾತು ಹೇಳಲೇಬೇಕು. ದೂರು ಎದುರಿಗಿದ್ದು, ಹಾಳೆ ಕೈಗೆ ಸಿಕ್ಕರೆ ಅವರು ಗಂಡನಲ್ಲ, ಬಾಡಿಗೆದಾರನಲ್ಲ, ಯಾರೂ ಅಲ್ಲ. ಅವರು ಬರೆದರು.

ಹೆಂಡತಿಗೆ ಗೊತ್ತಾಗದಿರಲೆಂದು ‘ವಿಷಾದ’ ಎಂಬ ಪದವನ್ನು ಮಾತ್ರ ಬಿಟ್ಟರು. ಮದುವೆಯಾದಾಗಿನಿಂದ, ತರಲು ಮರೆತ ಸಾಮಾನಿಗೆಲ್ಲ ಅವಳು ಆ ಪದವನ್ನೇ ಕೇಳುತ್ತ ಬಂದಿದ್ದಳು. ಉಳಿದಂತೆ ಅದು ಅವರ ಜೀವಮಾನದ ಉತ್ತರವಾಗಿತ್ತು. ‘ಮಾನ್ಯ ಬಾಡಿಗೆದಾರರೇ, ತಮ್ಮ ಕಷ್ಟಕ್ಕೆ ಮನಸ್ಸು ಮರುಗುತ್ತದೆ. ನೀರಿಲ್ಲವೆಂಬ ತಮ್ಮ ಮಾತು ನಲ್ಲಿಯ ಕಡೆಯಿಂದ ನೋಡಿದರೆ ಸರಿ. ಆದರೆ ಒಮ್ಮೆ ಮೋಟರಿನ ಕಡೆಯಿಂದಲೂ ನೋಡಬೇಕೆಂದು ಕೋರುತ್ತೇವೆ. ಮಾತು ಬಾರದ ಆ ಜೀವ ಈವರೆಗೆ ಯಾರ ಮೇಲೂ ದೂರು ಕೊಟ್ಟಿಲ್ಲ...’ ಹೀಗೆ ಸಾಗಿತ್ತು. ಓದಿ ಹೇಳಿದಾಗ ಯಜಮಾನರು ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಕೇಳ್ತಾ ಇದ್ರೆ ನನಗೇ ನನ್ನ ಮೇಲೆ ಗೌರವ ಬರ್ತಿದೆ ರಾಯರೇ! ಆಫೀಸಲ್ಲಿ ಟೈಪ್ ಮಾಡಿಸಿ ತನ್ನಿ.”

ಬಾಗಿಲಲ್ಲಿದ್ದ ಅಮ್ಮನವರು ಸೊಪ್ಪಿನ ಕಡ್ಡಿಯೊಂದನ್ನು ಲಟಕ್ಕನೆ ಮುರಿದರು.

ಟೈಪಾದ ಉತ್ತರ ತಂದುಕೊಟ್ಟ ಮರುದಿನ ಸಂಜೆ ರಾಯರು ಮನೆಗೆ ಬಂದಾಗ ಹೆಂಡತಿ ಕಾಯುತ್ತಿದ್ದಳು. “ಮೆಟ್ಟಿಲ ಗೋಡೆ ಮೇಲೆ ಅಂಟಿಸಿದ್ದಾರಲ್ಲ, ಓದಿದ್ರಾ? ಯಾವ ಪಾಪಿ ಕೈಲಿ ಬರೆಸಿದ್ದಾರೋ! ಓದ್ತಾ ಓದ್ತಾ, ಆ ಮೋಟರಿಗೆ ಒಂದು ಲೋಟ ನೀರು ಕೊಟ್ಟು ಬರೋಣ ಅನ್ನಿಸಿಬಿಡ್ತು ನನಗೆ.”

“ಅಷ್ಟು ಚೆನ್ನಾಗಿದೆಯಾ?” ರಾಯರ ಮುಖ ಅರಳಿತು.

ಹೆಂಡತಿ ನೋಡಿದ ನೋಟಕ್ಕೆ ಅರಳಿದ್ದು ಮುದುಡಿತು.

ಅಷ್ಟರಲ್ಲಿ ಟೈಲರ್ ಕತ್ತಿನಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಧಡಧಡನೆ ಮೇಲೆ ಬಂದ. “ಸಾರ್, ಇದನ್ನ ಕೇಳೋರೇ ಇಲ್ವಾ? ನಾನು ದೂರು ಬರೆದಿದ್ದೀನಂತೆ! ತಲೆ ಮೇಲೆ ಬಟ್ಟೆ ಗಂಟು ಹೊತ್ತು ಮೆಟ್ಟಿಲು ಹತ್ತೀನಿ ಅಂತ ಬರೆದಿದ್ದೀನಂತೆ! ನನ್ನ ಜನ್ಮದಲ್ಲಿ ನಾನು ಗಂಟು ತಲೆ ಮೇಲೆ ಹೊತ್ತಿಲ್ಲ ಸಾರ್, ಹೆಗಲ ಮೇಲೆ! ‘ಮೆಟ್ಟಿಲು ಹತ್ತೋದು ಕಷ್ಟ ಅಂದೆಯಲ್ಲ, ಇನ್ನು ಕತ್ತಲೇಲಿ ಹತ್ತು’ ಅಂತ ಮೆಟ್ಟಿಲಿನ ಬಲ್ಬು ಕಿತ್ತುಕೊಂಡು ಹೋದ್ರು. ಬಲ್ಬು ಯಾಕೆ ತೆಗೀತೀರಿ ಅಂದ್ರೆ, ಮೆಟ್ಟಿಲಿಗೇನು ಪರೀಕ್ಷೆಗೆ ಓದೋದಿದೆಯಾ ಅಂತಾರೆ!”

ಹೆಂಡತಿ ಹುಬ್ಬು ಗಂಟಿಕ್ಕಿದಳು. “ಬಟ್ಟೆ ಗಂಟಾ? ರೀ, ನಮ್ಮ ಕಾಗದದಲ್ಲಿ ಬಟ್ಟೆ ಗಂಟು ಎಲ್ಲಿತ್ತು?”

“ಇನ್ಯಾರೋ ಬರೆದಿರಬೇಕು.”

“ಈ ಕಟ್ಟಡದಲ್ಲಿ ಇನ್ಯಾರಿದ್ದಾರೆ?”

ಇತ್ತ ದರಿ ಅತ್ತ ಪುಲಿ ಎನ್ನುತ್ತಾರಲ್ಲ, ಅದರ ನಡುವೆ ರಾಯರು ಒಂದು ಲೋಟ ನೀರು ಕುಡಿದರು. ಟೈಲರನೇ ಅವರನ್ನು ಕಾಪಾಡಿದ. “ಬರೆಯದೆ ಬೈಸಿಕೊಳ್ಳೋದಕ್ಕಿಂತ ಬರೆದೇ ಬೈಸಿಕೊಳ್ತೀನಿ. ನೀವು ದೂರಿನ ಆಫೀಸಿನೋರಲ್ವಾ, ನನಗೂ ಒಂದು ಬರ್ಕೊಡಿ ಸಾರ್” ಎಂದ. “ಬರ್ಕೊಡಿ, ಪಾಪ” ಎಂದಳು ಹೆಂಡತಿ. “ನಮ್ಮದೂ ಇನ್ನೊಂದು ಬರ್ಕೊಳ್ಳಿ, ಈ ಸಲ ಖಾರವಾಗಿ.”

ರಾಯರು ಎರಡು ದೂರು ಬರೆದರು. ಅವೆರಡೂ ಅಂಚೆಯಲ್ಲಿ ಇಳಿದು ಯಜಮಾನರ ಮನೆಗೆ ಹೋದವು, ರಾಯರೂ ಇಳಿದು ಹೋದರು. ಎರಡನ್ನೂ ಸಕ್ಕರೆ ಬೆರೆಸಿ ಓದಿದರು. ಎರಡಕ್ಕೂ ಸೇರಿಸಿ ಒಂದು ಉತ್ತರ ಬರೆದರು. ಕತ್ತಲೆಯ ಮೆಟ್ಟಿಲು ಹತ್ತುವುದರಿಂದ ಮನುಷ್ಯನಲ್ಲಿ ಎಚ್ಚರ ಬೆಳೆಯುತ್ತದೆ ಎಂಬ ವಿಚಾರ ಅದರಲ್ಲಿ ಬಂದಿತ್ತು. ಅದನ್ನು ಬರೆಯುವಾಗ ಅವರು ಎರಡು ಸಲ ಸೂರಿನ ಕಡೆ ನೋಡಿದ್ದು ನಿಜ, ಆದರೆ ವಾಕ್ಯ ನಿಲ್ಲಲಿಲ್ಲ.

ಇಷ್ಟಾದ ಮೇಲಾದರೂ ಯಜಮಾನರು ಮೆತ್ತಗಾಗಬಹುದು, ಇನ್ನು ಸ್ವಲ್ಪ ದಿನ ಕಳೆದರೆ ತಾನಾಗಿಯೇ ಎಲ್ಲ ಸರಿಹೋಗಬಹುದು ಎಂದು ರಾಯರು ನಂಬಿದ್ದರು. ಆದರೆ ಆದದ್ದೇ ಬೇರೆ. ಯಾವುದಕ್ಕೂ ಒಂದು ಉತ್ತರ ಕೊಡಬಹುದು ಎಂದು ಗೊತ್ತಾದ ಮನುಷ್ಯನಿಗೆ ಧೈರ್ಯ ಬರುತ್ತದೆ. ಯಜಮಾನರು ಅಂಗಳದ ನಲ್ಲಿಗೂ ಸರಪಳಿ ಸುತ್ತಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಗಳಿಗೆ ಬಿಚ್ಚುತ್ತೇನೆ, ಹಿಡಿದುಕೊಂಡವರಿಗೆ ಉಂಟು ಎಂದರು.

“ಯಜಮಾನ್ರೇ, ಅದು... ನಲ್ಲಿಯನ್ನಾದ್ರೂ...” ಎಂದು ರಾಯರು ಬಾಯಿ ತೆರೆದರು. ಅವರ ಜೀವನದಲ್ಲಿ ಬಾಯಿಬಿಟ್ಟು ಹೇಳಿದ ಅತಿ ದೊಡ್ಡ ದೂರು ಅದು.

“ರಾಯರೇ,” ಯಜಮಾನರು ಅವರ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. “ನೀವಿರುವಾಗ ನನಗೇನು ಯೋಚನೆ? ಉತ್ತರ ಇದ್ದಮೇಲೆ ನೀರು ಯಾಕೆ?”

ಅಂದಿನಿಂದ ರಾಯರಿಗೆ ಊಟ ರುಚಿಸಲಿಲ್ಲ. ಸಂಜೆಯ ಆ ಒಂದು ಗಳಿಗೆಗೆ ಮನೆ ಮುಟ್ಟಬೇಕೆಂದು ಕಚೇರಿಯಿಂದ ಓಡಿ ಬರುತ್ತಿದ್ದರು. ಬಂದು, ಕೋಟು ಬಿಚ್ಚದೆ ಕೊಡ ಎತ್ತಿಕೊಳ್ಳುತ್ತಿದ್ದರು. ಕತ್ತಲ ಮೆಟ್ಟಿಲಲ್ಲಿ ತಮ್ಮದೇ ಉತ್ತರಗಳ ಪಕ್ಕದಲ್ಲಿ ಹಾದು ಹೋಗುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. “ನೀವು ಬರೋವರೆಗೆ ನಾನು ಇಳಿಯಲ್ಲ, ಹೆದರಬೇಡಿ” ಎಂದು ಹೆಂಡತಿ ಹೇಳಿದ್ದಳು. ಅದೊಂದು ಮಾತು ಹಿಡಿದುಕೊಂಡು ಅವರು ದಿನ ದೂಡುತ್ತಿದ್ದರು.

ಹೀಗಿರುವಾಗ ಒಂದು ಸಂಜೆ, ಗೇಟಿನಲ್ಲೇ ಯಜಮಾನರು ಅವರ ಕೈ ಹಿಡಿದರು. “ನಾಲ್ಕನೇದು ಬಂದಿದೆ ರಾಯರೇ! ಭಾರಿ ದಪ್ಪ ಇದೆ. ಒಳಗೆ ಬನ್ನಿ.”

“ಒಂದು ನಿಮಿಷ, ಮೇಲೆ ಹೋಗಿ...”

“ಮೇಲಿನ ಮನೆ ಎಲ್ಲಿ ಓಡಿಹೋಗುತ್ತೆ? ಬಿಸಿ ಇರುವಾಗಲೇ ಉತ್ತರ ಕೊಡಬೇಕು.”

ಬಾರೆನೆಂದು ಹೇಳಲು ಒಂದು ನಾಲಿಗೆ ಸಾಕು. ಅದು ಅವರಿಗೆ ಇರಲಿಲ್ಲ. ಒಳಗೆ ಕೂತು, ಆದಷ್ಟು ಬೇಗ ಮುಗಿಸೋಣವೆಂದು, ನಲ್ಲಿಗೆ ಸರಪಳಿ ಬಿದ್ದ ಮೇಲೆ ಹೆಂಡತಿ ಹೇಳಿ ತಾವೇ ಬರೆದಿದ್ದ ಖಾರವನ್ನೆಲ್ಲ ನುಂಗಿ ಓದಿ, ಬಾಯಲ್ಲಿ ಹೇಳುತ್ತ ಉತ್ತರ ಬರೆಯತೊಡಗಿದರು. ಹೊರಗೆ ಮಬ್ಬು ಕವಿಯುತ್ತಿತ್ತು. ಯಜಮಾನರು ನಡುವೆ ಎದ್ದುಹೋಗಿ ಅಂಗಳದ ನಲ್ಲಿಯ ಸರಪಳಿ ಬಿಚ್ಚಿ ಬಂದಿದ್ದರು. ಸ್ವಲ್ಪ ಹೊತ್ತಿಗೆ, ಕೊಡಕ್ಕೆ ನೀರು ಬೀಳುವ ಸದ್ದು ಕೇಳಿತು.

ಟೈಲರ್ ಇರಬೇಕು ಎಂದುಕೊಂಡರು ರಾಯರು.

ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ, ಒಂದು ನಿಟ್ಟುಸಿರು, ಮತ್ತೊಂದು ಹೆಜ್ಜೆ. ಟೈಲರ್ ಮೆಟ್ಟಿಲನ್ನು ಒದ್ದುಕೊಂಡು ಹತ್ತುವವನು. ಇದು ಆ ಹೆಜ್ಜೆಯಲ್ಲ. ಕಾದು ಕಾದು, ನಲ್ಲಿಯ ಗಳಿಗೆ ಮುಗಿಯುತ್ತದೆಂದು ಅವಳೇ ಇಳಿದಿದ್ದಾಳೆ. ರಾಯರ ಪೆನ್ನು ನಿಂತಿತು.

“ಯಾಕೆ ನಿಂತ್ರಿ? ‘ಮೆಟ್ಟಿಲುಗಳ ಕತ್ತಲೆಗೂ ತನ್ನದೇ ಆದ’, ಹ್ಞಾಂ, ಮುಂದೆ?” ಎಂದರು ಯಜಮಾನರು.

ಮುಂದೆ ಕೇಳಿದ್ದು ಕೊಡದ ಸದ್ದು. ಢಣ್ ಎಂದು ಬಿದ್ದು, ಮೆಟ್ಟಿಲಿಂದ ಮೆಟ್ಟಿಲಿಗೆ ಢಣಢಣನೆ ಉರುಳುತ್ತ ಬಂದು, ಕೆಳಗಿನ ಬಾಗಿಲಿಗೆ ಬಡಿದು ನಿಂತಿತು. ಆಮೇಲೆ ಯಾವ ಸದ್ದೂ ಇಲ್ಲ.

ರಾಯರು ಹೇಗೆ ಎದ್ದರು, ಕುರ್ಚಿ ಎಲ್ಲಿ ಬಿತ್ತು, ಅವರಿಗೇ ತಿಳಿಯದು. ಕತ್ತಲಲ್ಲಿ ಗೋಡೆ ತಡವುತ್ತ, ಹೆಂಡತಿಯ ಹೆಸರು ಹಿಡಿದು ಕೂಗುತ್ತ ಓಡಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ಆ ಕಟ್ಟಡ ಅದೇ ಮೊದಲು ಕೇಳಿದ್ದು. ಟೈಲರ್ ಟಾರ್ಚು ಹಿಡಿದು ಬಾಗಿಲು ತೆರೆದ. ಬೆಳಕಿನಲ್ಲಿ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಬಟ್ಟೆಯೆಲ್ಲ ಒದ್ದೆ. ಒಂದು ಕೈ ಕಂಬಿಯ ಮೇಲಿತ್ತು, ಇನ್ನೊಂದು ಹೊಟ್ಟೆಯ ಮೇಲೆ.

“ಏನಾಯ್ತು? ಬಿದ್ಯಾ? ಎಲ್ಲಿ ನೋವು?”

“ನಾನು ಬೀಳಲಿಲ್ಲ. ಕಾಲು ತಡವರಿಸ್ತು, ಕೊಡ ಬಿಟ್ಟು ಕಂಬಿ ಹಿಡ್ಕೊಂಡೆ.” ಅವಳು ಹೊಟ್ಟೆ ಸವರಿಕೊಂಡಳು. “ಕೂಸು ಒದೀತಿದೆ. ಚೆನ್ನಾಗೇ ಒದೀತಿದೆ. ಅದಕ್ಕೂ ಸಿಟ್ಟು ಬಂದಿರಬೇಕು.”

ರಾಯರು ಅಲ್ಲೇ ಒದ್ದೆ ಮೆಟ್ಟಿಲ ಮೇಲೆ ಕುಸಿದು ಅವಳ ಪಾದ ಹಿಡಿದುಕೊಂಡು ಅತ್ತುಬಿಟ್ಟರು. ಅವಳು ಅವರ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಕೈ ಅಲ್ಲೇ ನಿಂತಿತು.

“ನೀವು ಕೆಳಗಿಂದ ಬಂದ್ರಲ್ಲ. ಯಾವಾಗ ಬಂದ್ರಿ?”

ಉತ್ತರ ಯಜಮಾನರು ಕೊಟ್ಟರು. ಹಾಳೆಯನ್ನು ಹಿಡಿದುಕೊಂಡು ತಡವುತ್ತ ಮೆಟ್ಟಿಲ ಬುಡಕ್ಕೆ ಬಂದು, “ರಾಯರೇ, ಅರ್ಧಕ್ಕೆ ಬಿಟ್ಟು ಬಂದ್ರಲ್ಲ! ‘ಮೆಟ್ಟಿಲುಗಳ ಕತ್ತಲೆಗೂ ತನ್ನದೇ ಆದ’ ಅಂತ ಬರೀತಿದ್ರಿ. ತನ್ನದೇ ಆದ ಏನು?” ಎಂದರು.

ಟೈಲರನ ಟಾರ್ಚು ಯಜಮಾನರ ಕೈಲಿದ್ದ ಹಾಳೆಯ ಮೇಲೆ ಬಿತ್ತು. ಅಲ್ಲಿಂದ ಗೋಡೆಯ ಮೇಲಿನ ಉತ್ತರಗಳಿಗೆ ಹೋಯಿತು. ಅಲ್ಲಿಂದ ನಿಧಾನವಾಗಿ ಬಂದು ರಾಯರ ಮುಖದ ಮೇಲೆ ನಿಂತಿತು.

“ತನ್ನದೇ ಆದ ಏನ್ರೀ?” ಎಂದಳು ಹೆಂಡತಿ, ಬಹಳ ಮೆಲ್ಲಗೆ.

“ನಾನೇ ಬರೆದದ್ದು” ಎಂದರು ರಾಯರು. “ಉತ್ತರ ಎಲ್ಲಾ ನಾನೇ ಬರೆದದ್ದು.”

“ಅದರಲ್ಲೇನಿದೆ, ಚೆನ್ನಾಗೇ ಬರೀತೀರಿ” ಎಂದರು ಯಜಮಾನರು.

“ದೂರೂ ನಾನೇ ಬರೆದದ್ದು.”

ಯಜಮಾನರು ಕಪ್ಪು ಕನ್ನಡಕ ತೆಗೆದರು. “ದೂರೂ ನೀವೇ, ಉತ್ತರಾನೂ ನೀವೇ ಅಂದ್ರೆ, ಇಷ್ಟು ದಿನ ನಾನು ಯಾರ ಹತ್ರ ಜಗಳ ಆಡ್ತಿದ್ದೆ?”

“ನಾನು ಯಾರ ಬೈಗುಳ ತಿಂದೆ?” ಎಂದ ಟೈಲರ್.

ಹೆಂಡತಿ ರಾಯರ ತಲೆಯ ಮೇಲಿದ್ದ ಕೈಯನ್ನು ತೆಗೆದುಕೊಂಡಳು. ಲೋಕದಲ್ಲಿರುವ ಬೈಗುಳವನ್ನೆಲ್ಲ ಸೇರಿಸಿ ಬೈ ಮಹರಾಯಿತಿ, ಆ ಕೈಯನ್ನು ಮಾತ್ರ ತೆಗೆಯಬೇಡ ಎಂದು ರಾಯರಿಗೆ ಹೇಳಬೇಕೆನಿಸಿತು.

ಆಗ ಯಜಮಾನಿ ಅಮ್ಮನವರು ಕಾಗದಗಳ ಕಟ್ಟು ಹಿಡಿದುಕೊಂಡು ಬಂದರು. ಮೇಲಿನದನ್ನು ತೆಗೆದು ರಾಯರ ಕೈಗಿಟ್ಟರು. “ಇದು ಮೊದಲನೇದು. ಓದಿ. ಇದ್ದದ್ದು ಇದ್ದ ಹಾಗೆ ಓದಿ.”

ಟಾರ್ಚಿನ ಬೆಳಕಿನಲ್ಲಿ ರಾಯರು ಓದಿದರು. ಕಾಗೆ ಓಡಿಸದ ಕೈಯನ್ನೂ ಓದಿದರು, ಮೋಟರಿನ ತೊಟ್ಟಿಲನ್ನೂ ಓದಿದರು. ‘ಹೊಟ್ಟೆಯಲ್ಲಿ ಕೂಸು ಹೊತ್ತುಕೊಂಡು’ ಎಂಬಲ್ಲಿಗೆ ಬಂದಾಗ ಓದು ನಿಂತಿತು. ಅಮ್ಮನವರು ಕಾಗದ ನೋಡದೆಯೇ ಆ ಸಾಲನ್ನು ಕೊನೆತನಕ ಹೇಳಿ ಮುಗಿಸಿದರು.

ಯಜಮಾನರು ಬೆಪ್ಪಾಗಿ ಹೆಂಡತಿಯನ್ನು ನೋಡಿದರು. “ನಿನಗೆ ಓದೋಕೆ ಬರುತ್ತಾ?”

“ಮದುವೆಗೆ ಮುಂಚಿಂದ ಬರುತ್ತೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಬಂದ ಕಾಗದವನ್ನೆಲ್ಲ ಇವರು ಬರೋ ಮುಂಚೆ ನಾನು ಓದಿರ್ತೀನಿ.” ಅಮ್ಮನವರು ರಾಯರ ಕಡೆಗೆ ತಿರುಗಿದರು. “ನಿಮಗೆ ಒಂದು ಮಾತು ಹೇಳ್ತೀನಿ ಕೇಳಿ. ಪ್ರತಿ ಸಂಜೆ ಬಾಗಿಲಲ್ಲಿ ಕೂತು ಕಾಯ್ತಿದ್ದೆ, ಇವತ್ತಾದ್ರೂ ಸರಿಯಾಗಿ ಓದ್ತಾರೆ, ಇವತ್ತಾದ್ರೂ ಓದ್ತಾರೆ ಅಂತ. ಒಂದೇ ಒಂದು ಸಲ ಓದಿದ್ರೆ, ನೋಡಿ ಅವರೂ ಹೇಳ್ತಿದ್ದಾರೆ ಅಂತ ನಾನೂ ಒಂದು ಮಾತು ಸೇರಿಸ್ತಿದ್ದೆ. ನನ್ನ ಒಂಟಿ ಮಾತು ಈ ಮನೆಯಲ್ಲಿ ಯಾವತ್ತು ನಡೆದಿದೆ? ನಾಲ್ಕು ಕಾಗದ ಬಂತು. ನಾಲ್ಕನ್ನೂ ನೀವು ನುಂಗಿದ್ರಿ.”

ಇದಕ್ಕೆ ರಾಯರ ಹತ್ತಿರ ಉತ್ತರ ಇರಲಿಲ್ಲ. ದೂರು ವಿಭಾಗಕ್ಕೆ ಸೇರಿದ ಮೇಲೆ ಅವರಿಗೆ ಹಾಗಾದದ್ದು ಅದೇ ಮೊದಲು.

ಅಮ್ಮನವರು ಗಂಡನ ಮುಂದೆ ಅಂಗೈ ಚಾಚಿದರು. “ಕೊಡಿ ಬೀಗದ ಕೈ.”

“ಅಲ್ಲ ಕಣೇ, ಮೋಟರು ಪಾಪ, ಏದುಸಿರು ಬಿಡುತ್ತೆ...”

“ಏದುಸಿರು ನನಗೂ ಬರುತ್ತೆ. ನನ್ನನ್ನ ಯಾವತ್ತು ನಿಲ್ಲಿಸಿದ್ರಿ?”

ಯಜಮಾನರು ಸೊಂಟಕ್ಕೆ ಕೈ ಹಾಕಿದರು. ಬೀಗದ ಕೈ ಅವರಿಂದ ಅಮ್ಮನವರಿಗೆ ಹೋಯಿತು. ಅದರ ಹಿಂದೆಯೇ ಬಲ್ಬೂ ಹೊರಗೆ ಬಂತು. ಟೈಲರ್ ಸ್ಟೂಲು ಹತ್ತಿ ಅದನ್ನು ತಿರುಪಿದ. ಮೆಟ್ಟಿಲಿಗೆ ಬೆಳಕು ಬಿದ್ದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಗೋಡೆ ನೋಡಿದರು. ಗೋಡೆಯ ಮೇಲೆ ರಾಯರ ಉತ್ತರಗಳಿದ್ದವು. ಒಳಗೆಲ್ಲೋ ಮೋಟರು ಕೆಮ್ಮಿ, ಗೊಣಗಿ, ಆಮೇಲೆ ಗುಂಯ್ ಎಂದು ಓಡತೊಡಗಿತು.

ರಾಯರು ಕೈ ಚಾಚಿದರು. ಹೆಂಡತಿ ಅದನ್ನು ಹಿಡಿಯಲಿಲ್ಲ. ಕಂಬಿ ಹಿಡಿದು, ಟೈಲರನಿಗೆ ಹಿಂದೆ ಬರಲು ಹೇಳಿ, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದಳು. ಬಾಗಿಲು ತೆರೆದ ಸದ್ದು ಕೇಳಿತು. ಹಿಂದೆಯೇ “ಅಯ್ಯೋ!” ಎಂದು ಟೈಲರ್ ಕೂಗಿದ್ದು ಕೇಳಿತು.

ನೀರು ನಿಂತ ಮನೆಯಲ್ಲಿ ನಲ್ಲಿಗಳನ್ನು ಯಾರೂ ತಿರುಪಿ ಮುಚ್ಚುವುದಿಲ್ಲ. ಬಂತೇನೋ ಎಂದು ಆಗಾಗ ತಿರುಗಿಸಿ ನೋಡಿ, ಹಾಗೇ ಬಿಟ್ಟಿರುತ್ತಾರೆ. ಬಚ್ಚಲಿನದು, ಅಡುಗೆಮನೆಯದು, ಕೈ ತೊಳೆಯುವಲ್ಲಿನದು, ಎಲ್ಲವೂ ಬಾಯಿ ತೆರೆದುಕೊಂಡು ಕಾದಿದ್ದವು. ಅಷ್ಟು ದಿನದ ನೀರು ಒಟ್ಟಿಗೇ ಬಂದ ಹಾಗೆ ಬಂತು. ಹೊಸ್ತಿಲು ದಾಟಿತು, ಮೆಟ್ಟಿಲು ಹಿಡಿಯಿತು. ಬೆಳಕಿನಲ್ಲಿ ಮಿರಮಿರ ಮಿಂಚುತ್ತ, ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ಬಂದು ಯಜಮಾನರ ಚಪ್ಪಲಿಗಳನ್ನು ತೇಲಿಸಿತು.

“ನೀರು! ನನ್ನ ಮೋಟರಿನ ನೀರು!” ಯಜಮಾನರು ಒಂದು ಕಾಲೆತ್ತಿ ಕುಣಿದರು. “ಇದನ್ನ ನಾನು ಸುಮ್ಮನೆ ಬಿಡಲ್ಲ. ಬಾಡಿಗೆದಾರರು ನೀರು ಪೋಲು ಮಾಡ್ತಾರೆ ಅಂತ ದೂರು ಕೊಡ್ತೀನಿ. ಬರೀರಿ ರಾಯರೇ, ಈಗಲೇ ಬರೀರಿ!”

ರಾಯರ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅವರು ಹೆದರುತ್ತ ತಲೆಯೆತ್ತಿ ನೋಡಿದರು. ಮೇಲಿನ ಕಂಬಿಯ ಮೇಲೆ ಮೊಣಕೈಯೂರಿ, ಮುಖ ತೊಳೆದುಕೊಂಡ ಹೆಂಡತಿ ಅವರನ್ನೇ ನೋಡುತ್ತಿದ್ದಳು.

“ಬರ್ಕೊಡ್ರೀ ಅವರಿಗೆ, ಚೆನ್ನಾಗೇ ಬರ್ಕೊಡಿ” ಎಂದಳು. “ಉತ್ತರ ಮಾತ್ರ ಈ ಸಲ ನಾನು ಬರೀತೀನಿ.”